ಡೇಟು ಕೇಳುತ್ತಿದ್ದ ಪಾರ್ಲರಕ್ಕ

ನಮ್ಮ ಪಕ್ಕದ ಅಂಗಡಿಯ ಷಟರ್ ಎಳೆದು ತಿಂಗಳುಗಳೇ ಆದವು. ಆದರೂ ವಾರಕ್ಕೊಬ್ಬರಾದರೂ ಬಂದು ಅದರ ಮುಂದೆ ನಿಲ್ಲುತ್ತಾರೆ. ಒಬ್ಬ ತಾಯಿ, ಪಕ್ಕದಲ್ಲಿ ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡ ಮಗಳು. ಬೀಗ ನೋಡುತ್ತಾರೆ, ಬೋರ್ಡು ನೋಡುತ್ತಾರೆ, ಆಮೇಲೆ ನನ್ನ ಮೆಡಿಕಲ್ ಸ್ಟೋರಿನ ಮೆಟ್ಟಿಲು ಹತ್ತಿ, "ಪಾರ್ಲರಕ್ಕ ಯಾವಾಗ್ ಬತ್ತಾರಣ್ಣ?" ಅನ್ನುತ್ತಾರೆ. ಹೋಗಿಬಿಟ್ಟರು ಎಂದು ಹೇಳುವುದು ನನಗೆ ಇನ್ನೂ ರೂಢಿಯಾಗಿಲ್ಲ. ಮೊನ್ನೆ ಹಾಗೆ ಹೇಳಿದಾಗ ಒಬ್ಬಾಕೆ, "ಎಲ್ಲಿಗ್ ಓದ್ರು, ಮೈಸೂರ್ಗಾ?" ಅಂದಳು. ನಾನು ಹೂಂ ಅಂದುಬಿಟ್ಟೆ.

ಅವರು ತೀರಿಕೊಂಡದ್ದು ಆಷಾಢದಲ್ಲಿ. ಮದುವೆಗಳಿಲ್ಲದ ತಿಂಗಳು. ಆ ತಿಂಗಳಲ್ಲಿ ಅವರು ಅಂಗಡಿ ಮುಚ್ಚಿ, ಶುಕ್ರವಾರ ಬೆಟ್ಟ ಹತ್ತಿ, ಉಳಿದ ದಿನ ಅಕ್ಕಪಕ್ಕದವರ ಕಷ್ಟಸುಖ ಕೆದಕಿಕೊಂಡು ಕಾಲ ಕಳೆಯುತ್ತಿದ್ದರು. ಮಣ್ಣಿಗೆ ಬಂದಿದ್ದ ಹೆಂಗಸರು, "ಸಾಯಕ್ಕೂ ಬಿಡುವು ನೋಡ್ಕೊಂಡ್ಲು ನೋಡು, ಒಂದ್ ಮದ್ಲಗಿತ್ತೀಗೂ ತೊಂದ್ರೆ ಕೊಡ್ನಿಲ್ಲ" ಎಂದು ಮಾತಾಡಿಕೊಂಡರು. ಹೊಗಳಿಕೆಯೋ ತಮಾಷೆಯೋ ಗೊತ್ತಾಗಲಿಲ್ಲ. ಅವರ ಬಗ್ಗೆ ಆಡುವ ಎಲ್ಲ ಮಾತೂ ಹೀಗೆಯೇ ಎರಡರ ಮಧ್ಯೆ ಇರುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪಾಂಡವಪುರದ ಅರ್ಧ ಜನಕ್ಕೆ ಅದು ಯಾರೆಂದು ತಿಳಿಯುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಕ್ಯಾತನಹಳ್ಳಿಯವರೆಗೆ ಅವರು ಪಾರ್ಲರಕ್ಕ. ನಾನು ಮೆಡಿಕಲ್ಲಣ್ಣ. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಸೂರಿನವರೆಗೆ ಹೋಗದೆ ಮೇಲೆ ಒಂದು ಮೊಳ ಜಾಗ ಬಿಟ್ಟಿದ್ದ ಗೋಡೆ. ಕಟ್ಟಡದ ಮಾಲೀಕರು ಇಟ್ಟಿಗೆ ಉಳಿಸಲು ಹೋಗಿ ನನಗೆ ಇಷ್ಟು ವರ್ಷ ಪುಕ್ಕಟೆ ಮನರಂಜನೆ ಒದಗಿಸಿದರು. ಗಂಡಸರಿಗೆ ಪ್ರವೇಶವಿಲ್ಲದ ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಕಣ್ಣಿಗೆ ಬೀಳದಿದ್ದರೂ ಕಿವಿಗೆ ಎಲ್ಲವೂ ಬೀಳುತ್ತಿತ್ತು.

ಅವರದು ದೊಡ್ಡ ಮೈ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಕುತೂಹಲ. ಎಂಥ ಅಪರಿಚಿತರನ್ನೂ ಮುಖ ನೋಡಿ ನಿಲ್ಲಿಸುತ್ತಿದ್ದರು. ಸೊಪ್ಪು ಮಾರುವವಳ ಕತ್ತು ಹಿಂದೆ ಕಪ್ಪಾಗಿದ್ದರೆ, "ಸಕ್ಕರೆ ಪರೀಕ್ಸೆ ಮಾಡ್ಸಿದ್ದೀಯಾ?" ಎನ್ನುವರು. ಕೊರಿಯರ್ ತರುವವನ ಕಣ್ಣ ಕೆಳಗೆ ಊದಿದ್ದರೆ, "ರಾತ್ರಿ ಮೊಬೈಲ್ ನೋಡ್ತೀಯೋ, ಇಲ್ಲ ಎಂಡ್ತಿ ಕುಟ್ಟೆ ಜಗಳವಾ?" ಎನ್ನುವರು. ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಕದಲುವ ಹೆಂಗಸಲ್ಲ. ಕೆಲವರು ಅವರ ಅಂಗಡಿ ದಾಟುವಾಗ ರಸ್ತೆಯ ಆ ಬದಿಗೆ ಹೋಗುತ್ತಿದ್ದರು.

ಮದುವೆ ಹುಡುಗಿ ಮೊದಲ ಸಲ ಬಂದರೆ ಅವರು ಒಳಗೆ ಕೂರಿಸುತ್ತಿರಲಿಲ್ಲ. ಬೆಳಗಿನ ಬಿಸಿಲು ಬೀಳುವ ಮೆಟ್ಟಿಲಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದು ಅಲ್ಲಿ ಕೂರಿಸುವರು. "ಟ್ಯೂಬ್‌ಲೈಟು ಎಲ್ಲಾರ್ನೂ ಬೆಳ್ಳಗ್ ಮಾಡ್ತದೆ, ಅದ್ರ ಮಾತ್ ನಂಬಕಾಗಕಿಲ್ಲ" ಎನ್ನುವುದು ಅವರ ಸಿದ್ಧಾಂತ. ಹುಡುಗಿ ನಾಚಿಕೊಂಡರೆ ರಸ್ತೆಗೆ ಬೆನ್ನು ಮಾಡಿ ತಾವೇ ಅಡ್ಡ ನಿಲ್ಲುವರು. ಅವರು ನಿಂತರೆ ಬೇರೆ ಪರದೆ ಬೇಕಿರಲಿಲ್ಲ. ಗದ್ದ ಹಿಡಿದು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಅಂಗೈಯಿಂದ ಮುಟ್ಟದೆ ಮುಂಗೈಯಿಂದ ಕೆನ್ನೆ ಮುಟ್ಟಿ ನೋಡಿ, ಆಮೇಲೆ ರಸ್ತೆಗೆಲ್ಲ ಕೇಳುವ ಹಾಗೆ ಮೊದಲ ಪ್ರಶ್ನೆ ಕೇಳುವರು: "ಡೇಟ್ ಯಾವಾಗವ್ವ?"

ಈ ಡೇಟು ಎಂಬ ಪದದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಅಂಗಡಿಯಲ್ಲಿ ಡೇಟು ಅಂದರೆ ಔಷಧಿ ಕೆಡುವ ದಿನ. "ಡೇಟ್ ನೋಡ್ ಕೊಡಪ್ಪ" ಎನ್ನದೆ ನಮ್ಮ ಜನ ಕೆಮ್ಮಿನ ಟಾನಿಕ್ಕೂ ಕೊಳ್ಳುವುದಿಲ್ಲ. ಮದುವೆ ಮನೆಯಲ್ಲಿ ಡೇಟು ಅಂದರೆ ಛತ್ರ ಸಿಕ್ಕಿದ ದಿನ. ಹೆಂಗಸರ ನಡುವೆ ಡೇಟು ಅಂದರೆ ಮುಟ್ಟಿನ ದಿನ. ಮುಟ್ಟು ಅನ್ನಲು ನಾಲಿಗೆ ಏಳದವರೆಲ್ಲ ಈ ಪುಟ್ಟ ಇಂಗ್ಲಿಷ್ ಪದದ ಹಿಂದೆ ಅವಿತುಕೊಂಡಿದ್ದಾರೆ. ನಾನೂ ಅವರಲ್ಲಿ ಒಬ್ಬ. ಔಷಧಿ ಮಾರುವವನಾಗಿಯೂ ಆ ಪದ ನನ್ನ ಬಾಯಿಂದ ಬಂದದ್ದಿಲ್ಲ.

ಹೀಗಾಗಿ ಆ ಮೆಟ್ಟಿಲ ಮೇಲೆ ದಿನಾ ಒಂದು ಎಡವಟ್ಟು. ಅಕ್ಕ ಹುಡುಗಿಯನ್ನು ಕೇಳಿದರೆ ತಾಯಿ ಮುಂದೆ ಬಂದು, "ಫಾಲ್ಗುಣದಲ್ಲಿ ಕಣಕ್ಕ, ಊಟ ಮಾತ್ರ ಚೆನ್ನಾಗ್ ಮಾಡುಸ್ತಾ ಇವ್ನಿ" ಎನ್ನುವಳು. ಒಮ್ಮೆ ಅವರು ಒಳಗಿದ್ದ ಹುಡುಗಿಗೆ ಕೇಳಿದ್ದನ್ನು ನಾನು ನನಗೇ ಎಂದುಕೊಂಡು, ಕೈಯಲ್ಲಿದ್ದ ಸಿರಪ್ಪು ನೋಡಿ, "ಇನ್ನೂ ಎರಡ್ ವರ್ಸ ಅದೆ ಕಣಕ್ಕ" ಎಂದು ಗೋಡೆ ಮೇಲಿಂದ ಕೂಗಿದೆ. ಆ ಹುಡುಗಿ ನಕ್ಕು ನಕ್ಕು ಹುಬ್ಬು ತೀಡುತ್ತಿದ್ದ ದಾರ ಕಿತ್ತುಹೋಯಿತಂತೆ.

ಆ ಪ್ರಶ್ನೆ ಯಾಕೆ ಎಂದು ನಾನು ಒಂದು ದಿನ ಕೇಳಿದೆ. ಮದುವೆಗೂ ಮುಖಕ್ಕೂ ಸಂಬಂಧವಿದೆ, ಮುಖಕ್ಕೂ ಅದಕ್ಕೂ ಏನು? ಅವರು ಕುರ್ಚಿ ತಂದು ನನ್ನ ಕೌಂಟರಿನ ಎದುರು ಕೂತು, ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದರು.

"ಅದು ಬರೋ ಮುಂಚಿನ್ ವಾರ ಮಕ ಕೆರಳ್ತದೆ ಕಣಣ್ಣ. ಗದ್ದದತ್ರ ಗುಳ್ಳೆ ಏಳ್ತವೆ. ಆಗ ದಾರ ಹಾಕುದ್ರೆ ಗಟ್ಟಿಗಿತ್ತೀರೂ ಅಳ್ತಾವೆ. ಆಗೋದ್ ಮೇಲಿನ್ ವಾರ ತಣ್ಣಗಿರ್ತದೆ. ನಾನ್ ಕೆಲ್ಸ ಮಾಡೋದ್ ಆಗ. ಮದ್ವೆ ದಿನ ಯಾವ್ ವಾರಕ್ ಬೀಳ್ತದೆ ಅಂತ ಗೊತ್ತಿಲ್ದೆ ಮಕಕ್ಕೆ ಕೈ ಹಾಕ್ಬಾರ್ದು."

"ಇದನ್ನ ಯಾರ್ ಹೇಳ್ಕೊಟ್ರು?"

"ಅಳೋ ಉಡ್ಗೀರು."

ಇಷ್ಟು ಕೇಳಿ ಅವರು ಎಲ್ಲ ಬಲ್ಲವರೆಂದು ತಿಳಿಯಬೇಡಿ. ಬದನೆಕಾಯಿ ತಿಂದರೆ ಎಡಗೆನ್ನೆಯಲ್ಲಿ ಮಾತ್ರ ಮೊಡವೆ ಬರುತ್ತದೆ ಎಂದು ಸಾಯುವವರೆಗೂ ನಂಬಿದ್ದರು. ಬಲಗೆನ್ನೆಗೆ ಅವರ ಪ್ರಕಾರ ಹುರುಳಿ ಕಾರಣ. ಹೆಲ್ಮೆಟ್ಟಿನಿಂದ ಹಣೆ ಕಪ್ಪಾಗುತ್ತದೆ ಎಂದು ಸ್ಕೂಟಿ ಹುಡುಗಿಯರನ್ನೆಲ್ಲ ಬೈಯುತ್ತಿದ್ದರು. ನಾನು ವಾದಕ್ಕೆ ನಿಂತರೆ, "ನೀನ್ ಮಾತ್ರೆ ಎಣ್ಸು" ಎನ್ನುವರು.

ಮಾತ್ರೆಯ ವಿಚಾರದಲ್ಲೇ ನಮ್ಮಿಬ್ಬರಿಗೆ ಹೆಚ್ಚು ಜಗಳ. ಮದುವೆ ಕಾಲದಲ್ಲಿ ತಾಯಂದಿರು ನನ್ನ ಅಂಗಡಿಗೆ ಬಂದು, ಬೇರೆ ಗಿರಾಕಿ ಹೋಗುವವರೆಗೆ ಸುಮ್ಮನೆ ನಿಂತು, ಆಮೇಲೆ ದನಿ ತಗ್ಗಿಸಿ, "ಅದೇ, ಮುಂದಕ್ ಆಕೋದು" ಎನ್ನುತ್ತಾರೆ. ಮಗಳ ಮುಟ್ಟನ್ನು ನಾಲ್ಕು ದಿನ ಆಚೆಗೆ ತಳ್ಳುವ ಮಾತ್ರೆ. ಅರಿಶಿನ ಶಾಸ್ತ್ರದ ದಿನ, ಧಾರೆಯ ದಿನ ಹುಡುಗಿ ಹೊರಗಾದರೆ ಗತಿಯೇನು ಎಂಬ ಚಿಂತೆ. ವೈದ್ಯರ ಚೀಟಿ ಕೇಳಿದರೆ ನನ್ನನ್ನೇ ಮರ್ಯಾದೆಗೆಟ್ಟವನಂತೆ ನೋಡುವರು. ಆಗ ಗೋಡೆಯ ಮೇಲಿಂದ ದನಿ ಬರುವುದು: "ಚೀಟಿ ಇಲ್ದೆ ಕೊಡ್ಬ್ಯಾಡ ಕಣಣ್ಣ. ಓದ್ ಸಲ ಅದ ನುಂಗಿದ್ ಮದ್ಲಗಿತ್ತಿ ಮಕ ಊದ್ಕೊಂಡು, ಫೋಟೋದಲ್ಲಿ ಅವ್ರಮ್ಮನೇ ಗುರ್ತಿಡೀನಿಲ್ಲ." ಗುಟ್ಟಾಗಿ ಬಂದಿದ್ದ ತಾಯಿ ಸೆರಗು ಎಳೆದುಕೊಂಡು ಓಡುವಳು. ನನ್ನ ವ್ಯಾಪಾರ ಹೋಯಿತು ಎಂದು ಗೊಣಗಿದರೆ, ಮಧ್ಯಾಹ್ನ ಉಪ್ಸಾರು, ಮುದ್ದೆ ಕಳಿಸಿ ಸರಿ ಮಾಡುವರು.

ಅಷ್ಟು ಜನರ ಒಳಗನ್ನು ಕೆದಕಿದವರು ತಮ್ಮ ವಿಷಯ ಮಾತ್ರ ಆಡುತ್ತಿರಲಿಲ್ಲ. ಕೆ.ಆರ್. ಪೇಟೆ ಕಡೆ ತಮ್ಮನ ಮನೆ ಇದೆ ಎಂಬುದು ಗೊತ್ತಿತ್ತು. ತಾಳಿ ಇರಲಿಲ್ಲ. ಗಂಡ ಇಲ್ಲವೆಂದು ಎಲ್ಲರೂ ಅಂದುಕೊಂಡಿದ್ದೆವು. ಕೇಳಿದವರಿಗೆ, "ಮೊದ್ಲು ನಿನ್ ಕತೆ ಏಳು" ಎಂದು ನಗುವರು. ಆ ನಗುವಿನಲ್ಲೇ ಮಾತು ಬೇರೆ ಕಡೆ ಹೊರಳಿರುತ್ತಿತ್ತು.

ಹೀಗಿರುವಾಗ ನನ್ನ ಮಗಳಿಗೇ ಮದುವೆ ಗೊತ್ತಾಯಿತು. ಹುಡುಗ ಕಿಕ್ಕೇರಿ ಹತ್ತಿರದ ಹಳ್ಳಿಯವನು, ಕೆ.ಆರ್. ಪೇಟೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ತಂದೆತಾಯಿ ಹಸು ಸಾಕಿಕೊಂಡು ಅಚ್ಚುಕಟ್ಟಾಗಿರುವವರು. ನನ್ನ ಮಗಳು ರಂಜಿತಾ ಮೈಸೂರಿನಲ್ಲಿ ಒಂದು ಆಫೀಸಿನ ಲೆಕ್ಕಪತ್ರ ನೋಡಿಕೊಂಡು ಪೀಜಿಯಲ್ಲಿದ್ದಳು, ಶನಿವಾರ ಮನೆಗೆ ಬರುತ್ತಿದ್ದಳು. ಛತ್ರ ಸಿಕ್ಕಿದ್ದು ಮೂರು ತಿಂಗಳಾಚೆಯ ಒಂದು ಹದಿನಾಲ್ಕನೇ ತಾರೀಖಿಗೆ. ಎಲ್ಲ ಸರಿಯಾಗಿತ್ತು, ಮಗಳ ಮುಖ ಒಂದು ಬಿಟ್ಟು. ಗದ್ದದ ಸುತ್ತ ಕೆಂಪು ಗುಳ್ಳೆಗಳು, ಒಂದು ಆರುವ ಮೊದಲು ಇನ್ನೊಂದು. ಮೊದಲೆಲ್ಲ ನಗುನಗುತ್ತ ಇರುತ್ತಿದ್ದವಳು ಕೈಯಿಂದ ಗದ್ದ ಮುಚ್ಚಿಕೊಂಡು ಮಾತಾಡತೊಡಗಿದಳು. ನಾನು ಮುಲಾಮು ತಂದುಕೊಟ್ಟೆ. ನನ್ನ ಹೆಂಡತಿ ಶಾಂತ, ಕಡಲೆಹಿಟ್ಟಿನಿಂದ ಹಿಡಿದು ನಿಂಬೆಹಣ್ಣಿನವರೆಗೆ ಅಡುಗೆಮನೆಯಲ್ಲಿದ್ದುದನ್ನೆಲ್ಲ ಹಚ್ಚಿದಳು. ಕೊನೆಗೆ ಪಾರ್ಲರಕ್ಕನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂರಿಸಿದೆವು.

"ಡೇಟ್ ಯಾವಾಗ್ ಮಗ?"

"ಹದಿನಾಲ್ಕು," ಎಂದಳು ಮಗಳು.

ಗೋಡೆಯ ಈಚೆ ನನಗೂ ಕೇಳಿಸಿತು, ಏನೂ ಅನ್ನಿಸಲಿಲ್ಲ. ಅಕ್ಕ ಮಾತ್ರ ಲೆಕ್ಕ ಹಾಕಿದರು. ಮದುವೆಯೂ ಹದಿನಾಲ್ಕು, ಇದೂ ಹದಿನಾಲ್ಕು. ನೇರ ಮನೆಗೆ ಬಂದು ಶಾಂತಳಿಗೆ, "ಸರ್ಯಾಗ್ ಧಾರೆ ದಿನಾನೇ ಬೀಳ್ತದೆ ಕಣೆ" ಎಂದರು. ಶಾಂತ ಕಂಗಾಲಾದಳು. ಊರಿನ ತಾಯಂದಿರು ನನ್ನಲ್ಲಿ ಕೇಳುವ ಮಾತ್ರೆಯನ್ನು ಆ ಸಂಜೆ ನನ್ನ ಹೆಂಡತಿಯೇ ಕೇಳಿದಳು, ಅದೇ ತಗ್ಗಿದ ದನಿಯಲ್ಲಿ. ನಾನು ಒಂದು ಸ್ಟ್ರಿಪ್ ತಂದು, ಡಾಕ್ಟರನ್ನು ಕೇಳಿಯೇ ಕೊಡು ಎಂದು ಹೇಳಿ ದೇವರ ಗೂಡಿನ ಪಕ್ಕ ಇಟ್ಟೆ. ಮಗಳು ಅದನ್ನು ನೋಡಿ ಕೋಣೆಗೆ ಹೋದಳು.

ಅಕ್ಕನ ಕೆಲಸ ಅವರ ಲೆಕ್ಕದಂತೆ ಶುರುವಾಯಿತು. ಈ ತಿಂಗಳ ಹದಿನಾಲ್ಕು ಕಳೆದ ಮೇಲಿನ ವಾರ ಬಾ ಎಂದಿದ್ದರು, ಆಗ ಮುಖ ತಣ್ಣಗಿರಬೇಕು. ಮಗಳು ಹೋದಳು. ಮುಖ ತಣ್ಣಗಿರಲಿಲ್ಲ. ಗುಳ್ಳೆಗಳು ಇನ್ನಷ್ಟು ಎದ್ದಿದ್ದವು. ಮೊದಲು ಅಕ್ಕ ಬದನೆಕಾಯಿಯನ್ನು ಬೈದರು, ಆಮೇಲೆ ಪೀಜಿಯ ಊಟವನ್ನು, ಆಮೇಲೆ ನನ್ನ ಮುಲಾಮನ್ನು. ಆಮೇಲೆ ದನಿ ನಿಂತಿತು. ಕಿವಿ ಗೋಡೆಗೆ ಹೋಯಿತು. ಅಳುವ ಸದ್ದು ಕೇಳಿಸಿದಂತಾಯಿತು, ಹುಬ್ಬಿಗೆ ದಾರ ಹಾಕುತ್ತಿರಬೇಕು ಎಂದುಕೊಂಡೆ.

ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಅಕ್ಕ ಬಂದು ಕೌಂಟರಿನ ಎದುರು ನಿಂತರು.

"ಅಣ್ಣ, ನಿನ್ ಮಗ್ಳು ಹದಿನಾಲ್ಕು ಅಂದಿದ್ದು ಮದ್ವೆ ಡೇಟು. ಆ ಮಗೀಗೆ ಇರೋದು ಅದೊಂದೇ ಡೇಟು. ಇನ್ನೊಂದು ಐದ್ ತಿಂಗ್ಳಿಂದ ಬಂದೇ ಇಲ್ಲ."

ಮದುವೆಯಾಗದ ಹೆಣ್ಣುಮಗಳು, ಐದು ತಿಂಗಳು. ಒಬ್ಬ ಅಪ್ಪನ ತಲೆಗೆ ಮೊದಲು ಏನು ಬರುತ್ತದೋ ಅದೇ ನನಗೂ ಬಂತು. ಅಕ್ಕ ನನ್ನ ಮುಖ ಓದಿದರು. ಮುಖ ಓದುವುದೇ ಅವರ ಕಸುಬಲ್ಲವೆ?

"ಅದಲ್ಲ," ಎಂದರು. "ನಾನ್ ಕೇಳಿವ್ನಿ. ಅದಲ್ಲ. ಇಂಗೇ ನೀವ್ ಅಂದ್ಕೋತೀರಿ ಅಂತ್ಲೇ ಆ ಮಗ ಯಾರ್ಗೂ ಏಳಿಲ್ಲ."

"ಶಾಂತಂಗೆ ಹೇಳಿದ್ರಾ?"

"ಅವ್ಳ್ಗ್ ಏಳುದ್ರೆ ಮೊದ್ಲು ಬಡೀತಾಳೆ, ಆಮೇಲ್ ಕೇಳ್ತಾಳೆ. ನೀನಾದ್ರೆ ಸುಮ್ಕೆ ಕುಂತ್ಕತೀಯ. ನಂಗ್ ಈಗ ಸುಮ್ಕೆ ಕುಂತ್ಕಳೋರೇ ಬೇಕು. ಡಾಕ್ಟ್ರ ತಾವ ಯಾವತ್ ಒಯ್ತೀಯ?"

ಸೋಮವಾರ ಶ್ರೀರಂಗಪಟ್ಟಣದ ಲೇಡಿ ಡಾಕ್ಟರ ಬಳಿಗೆ ಹೋದೆವು. ಶಾಂತಳಿಗೆ ಹಿಂದಿನ ದಿನ ಹೇಳಿದ್ದೆ. ಅವಳು ಬಡಿಯಲಿಲ್ಲ. ಬಸ್ಸಿನಲ್ಲಿ ಮಗಳ ಕೈ ಹಿಡಿದುಕೊಂಡು ಕೂತಳು, ಕಾವೇರಿ ಸೇತುವೆ ದಾಟುವಾಗ ಮಾತ್ರ ಕೈಬಿಟ್ಟು ನಮಸ್ಕಾರ ಮಾಡಿದಳು. ಅಕ್ಕನನ್ನು ನಾವು ಕರೆದಿರಲಿಲ್ಲ, ಆದರೆ ಬಸ್ ಹತ್ತುವಾಗ ನಮಗಿಂತ ಮುಂದೆ ಅವರೇ ಇದ್ದರು.

ಸ್ಕ್ಯಾನ್ ಆಯಿತು. ಡಾಕ್ಟರು ಸಮಾಧಾನವಾಗಿ ಹೇಳಿದರು. ಹಾರ್ಮೋನು ಏರುಪೇರಾಗಿದೆ, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಂತೆ ಕಾಣುತ್ತಿವೆ, ಇದಕ್ಕೊಂದು ಇಂಗ್ಲಿಷ್ ಹೆಸರೂ ಇದೆ, ಈಗ ಬಹಳ ಹುಡುಗಿಯರಲ್ಲಿ ಇದನ್ನು ನೋಡುತ್ತೇವೆ. ಗದ್ದದ ಮೊಡವೆ, ಅಲ್ಲಿ ಬರುವ ಕೂದಲು, ತಪ್ಪುವ ಮುಟ್ಟು, ಎಲ್ಲಕ್ಕೂ ಬೇರು ಅದೇ. ಔಷಧಿ ಇದೆ, ನಡಿಗೆ ಬೇಕು, ತಾಳ್ಮೆ ಬೇಕು. ಮದುವೆಯ ಹೊತ್ತಿಗೆ ಮುಖ ಕನ್ನಡಿಯಾಗುತ್ತದೆ ಎಂದು ಮಾತು ಕೊಡಲಾರೆ. ಮಕ್ಕಳಾಗುವುದಿಲ್ಲ ಎಂದು ಹೆದರಬೇಕಿಲ್ಲ, ಕೆಲವರಿಗೆ ಆಗ ಚಿಕಿತ್ಸೆ ಬೇಕಾಗಬಹುದು, ಅಷ್ಟೆ.

ಅಕ್ಕ ಪ್ರಶ್ನೆಗಳ ಮಳೆ ಸುರಿಸಿದರು. ಬ್ಲೀಚ್ ಮಾಡಬಹುದಾ, ಗದ್ದಕ್ಕೆ ದಾರ ಹಾಕಬಹುದಾ, ಅರಿಶಿನ ಹಚ್ಚಬಹುದಾ. ಬದನೆಕಾಯಿ, ಎಡಗೆನ್ನೆ ಎಂದಾಗ ಡಾಕ್ಟರು ನಕ್ಕುಬಿಟ್ಟು, "ನೀವು ಹುಡುಗಿಗೆ ಏನಾಗ್ಬೇಕು?" ಎಂದರು. "ಪಾರ್ಲರು" ಎಂದರು ಅಕ್ಕ, ಅದೊಂದು ನೆಂಟಸ್ತಿಕೆ ಎಂಬಂತೆ.

ನಾವು ಏಳುವಾಗ ಅವರು ಇನ್ನೊಂದು ಪ್ರಶ್ನೆ ಕೇಳಿದರು, ದನಿ ತಗ್ಗಿಸಿ. ಅವರ ದನಿ ತಗ್ಗಿದ್ದನ್ನು ನಾನು ಕಂಡದ್ದು ಅಂದೇ.

"ಡಾಕ್ಟ್ರೇ, ಬಾಳ ವರ್ಸದ್ ಇಂದೆ ಒಬ್ಳಿಗೆ ಇದೇ ಇತ್ತಾ ಅಂತ ಈಗ ಸ್ಕ್ಯಾನ್ ಮಾಡುದ್ರೆ ಗೊತ್ತಾಯ್ತದಾ?"

"ಈಗ ಅವರಿಗೆ ಮುಟ್ಟು ನಿಂತಿದೆಯಾ?"

"ನಿಂತದೆ."

"ಹಾಗಾದರೆ ಖಚಿತವಾಗಿ ಹೇಳೋದು ಕಷ್ಟ."

"ಅಂಗಾ," ಎಂದರು ಅಕ್ಕ. ನನ್ನ ಮಗಳ ಸ್ಕ್ಯಾನಿನ ಕಪ್ಪು ಚಿತ್ರವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಗೆ ಹಿಡಿದು ನೋಡುತ್ತಾ ಬಂದರು. ಕೇಳಿದ್ದು ಯಾರಿಗಾಗಿ ಎಂದು ನನಗೆ ಕುತೂಹಲವಾಯಿತು. ಯಾರೋ ಗಿರಾಕಿ ಇರಬೇಕು ಎಂದುಕೊಂಡೆ.

ನಿಜವಾದ ತೊಂದರೆ ಮನೆಗೆ ಬಂದ ಮೇಲೆ ಶುರುವಾಯಿತು. ಗಂಡಿನ ಕಡೆಗೆ ಹೇಳುವುದೋ ಬೇಡವೋ? ಹೇಳಿದರೆ ಮದುವೆ ಮುರಿಯಬಹುದು. ಮುರಿದರೆ ಅಲ್ಲಿಗೇ ನಿಲ್ಲುವುದಿಲ್ಲ. ಪಾಂಡವಪುರದ ಮೆಡಿಕಲ್ಲಿನವರ ಮಗಳಿಗೆ ಏನೋ ಐಬಂತೆ ಎಂಬ ಮಾತು ಹಾಲಿನ ವ್ಯಾನಿನಲ್ಲಿ ಕೂತು ನಾಗಮಂಗಲದವರೆಗೂ ಹೋಗುತ್ತದೆ. ಶಾಂತ ಅತ್ತುಕೊಂಡು ಬೇಡ ಅಂದಳು. "ಮದ್ವೆ ಆಗ್ಲಿ, ಆಮೇಲ್ ತಾನಾಗೇ ಸರೋಯ್ತದೆ" ಎನ್ನುವುದು ಅವಳ ವಾದ. ನಾನು, ಅಕ್ಕ ಹೇಳಿದಂತೆ, ಸುಮ್ಮನೆ ಕೂತಿದ್ದೆ.

ಮಗಳು ಹೇಳಿದಳು: "ಅಮ್ಮ, ಅಲ್ಲಿ ಮಾತ್ರೆ ಕದ್ದು ತಿನ್ನಕ್ಕಾಗಲ್ಲ. ತಿಂಗಳು ತಿಂಗಳು ಸುಳ್ಳು ಡೇಟ್ ಹೇಳಕ್ಕಾಗಲ್ಲ. ಹೇಳಿ. ಬೇಡ ಅಂದ್ರೆ ಬೇಡ."

ಅವಳಿಗೆ ಆ ಹುಡುಗ ಇಷ್ಟವಾಗಿದ್ದ. ಆದರೂ ಹಾಗೆ ಹೇಳಿದಳಲ್ಲ ಎಂದು ನನಗೆ ಹೆಮ್ಮೆಯಾಯಿತು. ಅಕ್ಕನ ಅಭಿಪ್ರಾಯ ಕೇಳಿದರೆ ಅವರು ಯಾವುದೂ ಹೇಳದೆ, "ಕಿಕ್ಕೇರಿಗೆ ಯಾವ್ ಬಸ್ಸಿಗ್ ಒಯ್ತೀರಿ? ನಾನೂ ಬತ್ತೀನಿ" ಎಂದರು.

ಭಾನುವಾರ ನಾನು, ಮಗಳು, ಅಕ್ಕ ಹೋದೆವು. ಶಾಂತ ಬರಲಿಲ್ಲ. ಬೀಗರು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಕೊಟ್ಟಿಗೆಯ ಹಸುಗಳು ನಮ್ಮನ್ನು ನೋಡುತ್ತಿದ್ದವು. ಕಾಫಿ ಬಂತು. ಹುಡುಗ ಬಾಗಿಲ ಹತ್ತಿರ, ಅವನ ತಾಯಿ ಕಂಬಕ್ಕೊರಗಿ ನಿಂತಿದ್ದರು. ನಾನು ಮಳೆಯ ಬಗ್ಗೆ ಮಾತಾಡಿದೆ, ನಾಲೆಯ ನೀರಿನ ಬಗ್ಗೆ ಮಾತಾಡಿದೆ. ಮಾತು ಖಾಲಿಯಾದ ಮೇಲೆ, "ಒಂದು ವಿಚಾರ ಹೇಳ್ಬೇಕಿತ್ತು. ಡೇಟು ಸ್ವಲ್ಪ ಸರಿಯಾಗಿಲ್ಲ" ಎಂದೆ.

"ಯಾಕ್ ಬೀಗ್ರೆ?" ಎಂದರು ಹುಡುಗನ ತಂದೆ. "ಐನೋರು ಕುದ್ದು ನೋಡ್ಕೊಟ್ಟವ್ರಲ್ಲ."

"ಅದಲ್ಲ. ಡೇಟು... ತಪ್ಪಿದೆ."

"ಪತ್ರಿಕೇಲಿ ತಪ್ಪಾಗದಾ? ತಪ್ಪಾಗಿದ್ರೆ ತಿದ್ದನ ಬುಡಿ." ಅವರು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಕ್ಯಾಲೆಂಡರು ತೆಗೆದರು. "ಇಪ್ಪತ್ತೊಂದೂ ಒಳ್ಳೇ ದಿನವೇ. ಛತ್ರದೋರ್ನ ಕೇಳನ?"

ಮಗಳು ತಲೆ ತಗ್ಗಿಸಿದ್ದಳು. ಅಕ್ಕ ನನ್ನನ್ನೇ ನೋಡುತ್ತಿದ್ದರು, ಬಾಯಿ ಬಿಡಲಿಲ್ಲ. ಆ ಒಂದು ಸಲವಾದರೂ ಗೋಡೆ ಮೇಲಿಂದ ಕೂಗಿದ ಹಾಗೆ ನನ್ನ ಪರವಾಗಿ ಕೂಗಿಬಿಡಬಾರದೇ ಅನ್ನಿಸಿತು. ಬೀಗರು ಛತ್ರದವರ ನಂಬರು ಹುಡುಕುತ್ತಿದ್ದರು. ಇನ್ನು ತಡವಾದರೆ ಮದುವೆ ನಿಜವಾಗಿಯೂ ಇಪ್ಪತ್ತೊಂದಕ್ಕೆ ಹೋಗುತ್ತಿತ್ತು.

"ಮದುವೆ ಡೇಟಲ್ಲ ಬೀಗರೇ," ಎಂದೆ. "ನನ್ನ ಮಗಳ ಮುಟ್ಟು. ಐದು ತಿಂಗಳಿಂದ ಮುಟ್ಟಾಗಿಲ್ಲ."

ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ನೀರುಗುಳ್ಳೆ, ಮೊಡವೆ, ಔಷಧಿ, ಮಕ್ಕಳ ವಿಚಾರ, ಯಾವುದನ್ನೂ ಬಿಡಲಿಲ್ಲ. ಬೀಗರು ಮೊಬೈಲನ್ನು ಕೆಳಗಿಡಲು ಮರೆತಿದ್ದರು. ಹುಡುಗ ನೆಲ ನೋಡುತ್ತಿದ್ದ. ಅವನ ತಾಯಿಯ ಮುಖ ಬಿಗಿದುಕೊಂಡಿತು. ಅವರು ನನ್ನ ಮಗಳಿಗೆ, "ಬಾವ್ವ ಒಳೀಕೆ" ಎಂದರು. ಮಗಳು ಎದ್ದಳು. ಯಾರೂ ಕರೆಯದಿದ್ದರೂ ಅಕ್ಕ ಎದ್ದು ಹಿಂದೆ ಹೋದರು. ಬಾಗಿಲು ಹಾಕಿಕೊಂಡಿತು.

ಹೊರಗೆ ನಾವು ಗಂಡಸರು. ಹುಡುಗನ ತಂದೆ, "ಈಗ ಡೇರೀಲಿ ಆಲ್ಗೆ ಫ್ಯಾಟ್ ಕಮ್ಮಿ ತೋರುಸ್ತಾವ್ರೆ" ಎಂದರು. ಹೌದೇ ಎಂದೆ. ಅದರ ಮೇಲೆ ಬಹಳ ಮಾತಾಡಿದೆವು. ಹಿಂಡಿಯ ಬಗ್ಗೆ, ಜೋಳದ ಕಡ್ಡಿಯ ಬಗ್ಗೆ, ಒಂದು ಹಸುವಿನ ಕಾಲುನೋವಿನ ಬಗ್ಗೆ. ಕಾಫಿ ಲೋಟ ಆರಿ ಒಣಗಿತು. ಬಾಗಿಲು ತೆರೆಯಲಿಲ್ಲ. ಅಷ್ಟು ಹೊತ್ತು ಒಳಗೆ ಏನು ಪಂಚಾಯಿತಿ ಎಂದು ನನಗೆ ಜೀವವೇ ಹೋಗುತ್ತಿತ್ತು. ಹುಡುಗ ಒಂದು ಸಲ ಎದ್ದು ಬಾಗಿಲವರೆಗೆ ಹೋಗಿ, ತಟ್ಟದೆ ಬಂದು ಕೂತ.

ಕೊನೆಗೆ ಅವನ ತಾಯಿ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. "ಮದ್ವೆ ಅದೇ ದಿನ ಆಗ್ಲಿ," ಎಂದರು. "ಔಸ್ದಿ ಇಲ್ಗ್ ಬಂದ್ಮೇಲೂ ನಿಲ್ಸೋದ್ ಬ್ಯಾಡ. ನಾನ್ ನೋಡ್ಕತೀನಿ."

"ಅಂಗಾರೆ ಡೇಟ್ ಬದ್ಲಾಯ್ಸದ್ ಬ್ಯಾಡ್ವಾ?" ಎಂದರು ಹುಡುಗನ ತಂದೆ, ಮೊಬೈಲು ಕೈಯಲ್ಲೇ ಇತ್ತು. ಆಗ ಹುಡುಗ ನಕ್ಕ, ನನ್ನ ಮಗಳೂ ನಕ್ಕಳು. ಅವಳು ಗದ್ದದ ಮೇಲೆ ಕೈ ಇಟ್ಟುಕೊಂಡಿರಲಿಲ್ಲ.

ಬಸ್ಸಿನಲ್ಲಿ, ಒಳಗೆ ಏನು ಹೇಳಿದಿರಿ ಎಂದು ಅಕ್ಕನನ್ನು ಕೇಳಿದೆ. "ಎಂಗಸ್ರ ಮಾತು, ನಿಂಗ್ಯಾಕೆ" ಎಂದರು. ಆಮೇಲೆ ಎಷ್ಟೋ ಸಲ ಕೇಳಿದೆ. ಊರಿನವರ ಬಾಯಿ ಬಿಡಿಸುತ್ತಿದ್ದ ಹೆಂಗಸು ತಮ್ಮ ಬಾಯಿ ಬಿಡಲಿಲ್ಲ. ಮಗಳೂ, "ಅಕ್ಕ ಹೇಳ್ಬೇಡ ಅಂದವ್ರೆ" ಎಂದು ಜಾರಿಕೊಂಡಳು.

ಮದುವೆಗೆ ಅವರು ಮಗಳ ಮುಖಕ್ಕೆ ಮಾಡಿದ್ದು ಬಹಳ ಕಮ್ಮಿ. ಬ್ಲೀಚಿಲ್ಲ, ಫೇಶಿಯಲ್ಲಿಲ್ಲ. ಡಾಕ್ಟರು ಬರೆದದ್ದು ಬಿಟ್ಟು ಬೇರೇನೂ ಮುಟ್ಟಿಸಬೇಡಿ ಎಂದು ನಮ್ಮ ಮನೆಯ ಹೆಂಗಸರನ್ನೆಲ್ಲ ಹೆದರಿಸಿದರು. ಅರಿಶಿನ ಶಾಸ್ತ್ರಕ್ಕೆ ಅಂಗಡಿಯ ಪುಡಿ ಬೇಡವೆಂದು ಮನೆಯಲ್ಲೇ ಬೇರು ಕುಟ್ಟಿಸಿ, ಹಿಂದಿನ ದಿನವೇ ಮಗಳ ಕಿವಿ ಹಿಂದೆ ಚೂರು ಹಚ್ಚಿ ಉರಿಯುತ್ತದೆಯೇ ನೋಡಿದರು. ಚಪ್ಪರದ ದಿನ ಬೆಳಿಗ್ಗೆ ಒಳಗೆ ಗುಸುಗುಸು ಎದ್ದಿತು. ಡಾಕ್ಟರ ಔಷಧಿ ಕೆಲಸ ಮಾಡಿತ್ತು, ಮಗಳು ಮುಟ್ಟಾಗಿದ್ದಳು. ನಮ್ಮ ಅತ್ತಿಗೆಯರು ತಲೆ ಮೇಲೆ ಕೈ ಹೊತ್ತು ಕೂತರೆ, ಅಕ್ಕ ಚಪ್ಪರದ ಕೆಳಗೆ ನಿಂತಿದ್ದ ನನ್ನತ್ತ ಬಂದು, "ಬಂತು ಕಣಣ್ಣ, ಬಂತು" ಎಂದರು. ಯಾರೋ ನೆಂಟರು ಬಂದರು ಎಂದುಕೊಂಡು ನಾನು ಗೇಟಿನ ಕಡೆ ಓಡಿದೆ. ಬೀಗಿತ್ತಿಗೆ ಫೋನು ಮಾಡಿದಾಗ ಅವರು, "ಬರ್ಲಿ ಬುಡಿ, ಒಳ್ಳೇದಾಯ್ತು, ಶಾಸ್ತ್ರ ನಿಲ್ಸಬ್ಯಾಡಿ" ಎಂದರು. ಅಕ್ಕನೇ ಮೊದಲ ಅರಿಶಿನ ಹಚ್ಚಿದರು. ಧಾರೆಯ ದಿನ ಮಗಳ ಗದ್ದದಲ್ಲಿ ಎರಡು ಮೊಡವೆ ಉಳಿದಿದ್ದವು. ಮೇಕಪ್ಪಿನಿಂದ ಮುಚ್ಚಿ ಎಂದು ಶಾಂತ ಹೇಳಿದ್ದಕ್ಕೆ, "ಇರ್ಲಿ ಬುಡೆ, ಅವೂ ಮದ್ವೆಗ್ ಬಂದವೆ" ಎಂದರು.

ಮಗಳು ಈಗ ಚೆನ್ನಾಗಿದ್ದಾಳೆ. ಔಷಧಿ ನಡೆಯುತ್ತಿದೆ, ಅತ್ತೆಯೇ ಜೊತೆಗೆ ಡಾಕ್ಟರ ಹತ್ತಿರ ಹೋಗುತ್ತಾರೆ.

ಅಕ್ಕನನ್ನು ಮಣ್ಣು ಮಾಡಿದ್ದು ಅವರ ತಮ್ಮನ ಊರಿನಲ್ಲಿ. ಮಗಳು, ಅಳಿಯ ಬಂದಿದ್ದರು, ಬೀಗಿತ್ತಿಯೂ ಬಂದು ಎಲ್ಲರಿಗಿಂತ ಹೆಚ್ಚು ಅತ್ತರು. ಅವರು ಯಾಕೆ ಅಷ್ಟು ಅತ್ತರು ಎಂದು ನಾನು ಆಶ್ಚರ್ಯಪಟ್ಟೆ. ವಾಪಸು ಬರುವಾಗ ತೊಟ್ಟಿಯ ಹತ್ತಿರ ಕೈಕಾಲು ತೊಳೆಯುತ್ತ ಮಗಳು, "ಅಪ್ಪ, ಈಗ ಹೇಳ್ಬೋದು ಅನ್ಸುತ್ತೆ" ಎಂದಳು.

ಅಂದು ಒಳಗೆ ಹೋದ ಮೇಲೆ ಬೀಗಿತ್ತಿ ಖಡಾಖಂಡಿತವಾಗಿ, ಈ ಮದುವೆ ಆಗುವುದಿಲ್ಲ, ಮನೆಗೊಬ್ಬನೇ ಮಗ ಎಂದರಂತೆ. ಅಕ್ಕ ವಾದ ಮಾಡಲಿಲ್ಲವಂತೆ. ಕಿಟಕಿಯ ಬೆಳಕಿಗೆ ಹೋಗಿ ತಮ್ಮ ಗದ್ದ ಎತ್ತಿ ತೋರಿಸಿದರಂತೆ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ತಮಗೆ ತಾವೇ ದಾರ ಹಾಕಿಕೊಳ್ಳುತ್ತಿದ್ದವರು ಆ ವಾರವೆಲ್ಲ ಬೇಕೆಂದೇ ಹಾಗೇ ಬಿಟ್ಟು, ಸೆರಗಿನಿಂದ ಮುಚ್ಚಿಕೊಂಡು ಬಂದಿದ್ದರು. ಗದ್ದದ ತುಂಬ ಒರಟು ಕೂದಲು. ತಮ್ಮನ್ನು ನಾಗಮಂಗಲದ ಕಡೆ ಮದುವೆ ಮಾಡಿ ಕೊಟ್ಟಿದ್ದರು, ಅವ್ವ ಅರಿಶಿನ ಹಚ್ಚಿ ಉಜ್ಜಿ ಉಜ್ಜಿ ಎಲ್ಲ ಮುಚ್ಚಿ ಕಳಿಸಿದ್ದಳು, ಅಲ್ಲಿ ವರ್ಷಕ್ಕೆ ಎರಡು ಸಲ ಮುಟ್ಟಾಗುವುದು ಗೊತ್ತಾಗಿ, ಗಂಡಸಿನ ಮುಖದವಳು ಎಂದು ವಾಪಸು ಬಿಟ್ಟುಹೋದರು ಎಂದರಂತೆ. ಅಷ್ಟೇ ಹೇಳಿ, "ಇದ್ಕೊಂದ್ ಎಸ್ರಿತ್ತು ಅಂತ ಈ ಮಗೀನಿಂದ ನಂಗ್ ಮೊನ್ನೆ ಗೊತ್ತಾಯ್ತು ಕಣಕ್ಕ" ಎಂದರಂತೆ.

ಬೀಗಿತ್ತಿ ಬಹಳ ಹೊತ್ತು ಆ ಗದ್ದವನ್ನೇ ನೋಡಿದರಂತೆ. ಆಮೇಲೆ, "ಏನಾಗದೆ ಅಂತ ನಿಮ್ಮುನ್ನ ಯಾರೂ ಕೇಳ್ನೇ ಇಲ್ವಾ?" ಎಂದರಂತೆ.

"ಇಲ್ಲ ಕಣಕ್ಕ. ಒಬ್ರೂ ಕೇಳ್ನಿಲ್ಲ."

"ನಾನ್ ಕೇಳ್ತಾ ಇವ್ನಿ. ಕುಂತ್ಕಂಡ್ ನಿಮ್ದೆಲ್ಲ ಏಳಿ."

ನಾವು ಹೊರಗೆ ಹಾಲಿನ ಫ್ಯಾಟು ಮಾತಾಡುತ್ತಿದ್ದ ಅಷ್ಟು ಹೊತ್ತೂ ಒಳಗೆ ನಡೆದದ್ದು ನನ್ನ ಮಗಳ ವಿಚಾರವಲ್ಲ. ಅದು ಮೊದಲ ನಾಲ್ಕು ಮಾತಿನಲ್ಲೇ ತೀರ್ಮಾನವಾಗಿತ್ತು. ಉಳಿದ ಹೊತ್ತೆಲ್ಲ ಅಕ್ಕ ಮಂಚದ ಮೇಲೆ ಕೂತು ತಮ್ಮದನ್ನು ಹೇಳಿದರಂತೆ, ಹೇಳುತ್ತಲೇ ಇದ್ದರಂತೆ.